ನಿಸಿಯಾದಲ್ಲಿ ಸತ್ಯವೇದಕ್ಕೆ ಓಟು ಹಾಕಿದ್ದರಾ?

ನಮ್ಮ ಮನೆಯವರು (ವಾಟ್ಸಾಪ್ ಗುಂಪು), ಭಾನುವಾರ ಸಂಜೆ

ಅಣ್ಣ: (ಫಾರ್ವರ್ಡ್) ಯಾರೂ ಹೇಳದ ಸತ್ಯ! ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನಿಸಿಯಾದಲ್ಲಿ ಬಿಷಪ್‌ಗಳನ್ನು ಸೇರಿಸಿದ. ಯೇಸು ದೇವರು ಎಂದು ಓಟು ಹಾಕಿ ತೀರ್ಮಾನಿಸಿದರು. ಬೇಡವಾದ ಸುವಾರ್ತೆಗಳನ್ನು ಸುಟ್ಟು, ಉಳಿದದ್ದನ್ನು ಸತ್ಯವೇದ ಎಂದರು. ಎಲ್ಲರಿಗೂ ಕಳಿಸಿ!

ಅಣ್ಣ: ಚಿಕ್ಕಂದಿನಿಂದ ದೇವಾಲಯಕ್ಕೆ ಹೋಗಿದ್ದೇವೆ. ಇದನ್ನು ಯಾರೂ ಹೇಳಲೇ ಇಲ್ಲ.

ದೊಡ್ಡಪ್ಪ: ಇಂಥದ್ದನ್ನು ಇಲ್ಲಿ ಹಾಕಬೇಡ, ತೆಗೆ. ಅಪೊಸ್ತಲರ ಕಾಲದಿಂದ ನಮ್ಮ ವಿಶ್ವಾಸದಲ್ಲಿ ಒಂದಕ್ಷರ ಬದಲಾಗಿಲ್ಲ.

ಅಣ್ಣ: ತೆಗೆ ಅಂದರೆ ಅದು ಉತ್ತರ ಅಲ್ಲ ದೊಡ್ಡಪ್ಪ. ಎಲ್ಲಿ ತಪ್ಪಿದೆ ಹೇಳಿ.

ನಾನು: ತೆಗೆಯುವುದು ಬೇಡ ದೊಡ್ಡಪ್ಪ. ಸಂಡೇ ಸ್ಕೂಲ್ ಮಕ್ಕಳೂ ಇದನ್ನೇ ಹಿಡಿದುಕೊಂಡು ಬಂದು ಕೇಳುತ್ತಾರೆ. ಅಣ್ಣ, ಮೊದಲು ಪುಸ್ತಕಗಳ ವಿಷಯ. ನಿಸಿಯಾ ಸಭೆ 20 ನಿಯಮ ಮಾಡಿತು. ಬಡ್ಡಿಗೆ ಸಾಲ ಕೊಡುವ ಪಾದ್ರಿಯನ್ನು ಕೆಲಸದಿಂದ ತೆಗೆಯಬೇಕು ಅಂತ ಒಂದು. ಭಾನುವಾರ ಮೊಣಕಾಲೂರದೆ ನಿಂತೇ ಪ್ರಾರ್ಥನೆ ಮಾಡಬೇಕು ಅಂತ ಇನ್ನೊಂದು. ಸತ್ಯವೇದದಲ್ಲಿ ಯಾವ ಪುಸ್ತಕ ಇರಬೇಕು ಅನ್ನುವ ನಿಯಮ ಆ 20ರಲ್ಲಿ ಒಂದೂ ಇಲ್ಲ.

ಅಣ್ಣ: ಮತ್ತೆ ಈ ಮಾತು ಎಲ್ಲಿಂದ ಬಂತು?

ನಾನು: ಸುಮಾರು 9ನೇ ಶತಮಾನದ ಒಂದು ಗ್ರೀಕ್ ಬರಹದಲ್ಲಿ ಒಂದು ಕಥೆ ಇದೆ. ಎಲ್ಲ ಪುಸ್ತಕಗಳನ್ನೂ ಬಲಿಪೀಠದ ಹತ್ತಿರ ಇಟ್ಟು ಪ್ರಾರ್ಥಿಸಿದರಂತೆ, ನಿಜವಾದವು ಮೇಲೆ ಉಳಿದು ಸುಳ್ಳಿನವು ಕೆಳಗೆ ಸಿಕ್ಕವಂತೆ. ಸಭೆ ನಡೆದು 500 ವರ್ಷ ಆದಮೇಲಿನ ಕಥೆ ಇದು. ಆಮೇಲೆ ಫ್ರಾನ್ಸಿನ ಲೇಖಕ ವೋಲ್ಟೇರ್ ಇದನ್ನು ಎತ್ತಿ ಹೇಳಿದ, ಎಲ್ಲ ಕಡೆ ಹರಡಿತು. ನಿಜವಾಗಿ ಲಿಯಾನ್‌ನ ಬಿಷಪ್ ಐರೇನಿಯಸ್ ಸುವಾರ್ತೆಗಳು ನಾಲ್ಕೇ ಎಂದು ವಾದಿಸಿದ್ದು ಸುಮಾರು 180ರಲ್ಲಿ. ನಮ್ಮ ಹೊಸ ಒಡಂಬಡಿಕೆಯ 27 ಪುಸ್ತಕಗಳು ಅವಷ್ಟೇ ಒಂದು ಪಟ್ಟಿಯಲ್ಲಿ ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಬರೆದ ಪಾಸ್ಕ (ಈಸ್ಟರ್) ಹಬ್ಬದ ಪತ್ರದಲ್ಲಿ. ಆಗ ಕಾನ್‌ಸ್ಟಂಟೈನ್ ಸತ್ತು 30 ವರ್ಷ ಆಗಿತ್ತು.

ಅತ್ತೆ: ಸುಟ್ಟಿದ್ದು?

ನಾನು: ಚಕ್ರವರ್ತಿ ಸುಡಲು ಹೇಳಿದ್ದು ನಿಜ ಅತ್ತೆ. ಆದರೆ ಸುವಾರ್ತೆಗಳನ್ನಲ್ಲ, ಆರಿಯಸ್ ಅನ್ನುವ ಪಾದ್ರಿ ಬರೆದದ್ದನ್ನು. ಮಗನಾದ ಯೇಸು ತಂದೆಗೆ ಸಮನಲ್ಲ ಅಂತ ವಾದಿಸಿದವನು ಅವನು. ಅದು ಸರಿ ಅಂತ ನಾನು ಹೇಳಲ್ಲ. ವಾದದಲ್ಲಿ ಸೋತವನ ಬರಹ ಸುಡಬಾರದಿತ್ತು.

ಅಣ್ಣ: ಅಂದರೆ ಚಕ್ರವರ್ತಿ ಕೈ ಹಾಕಿದ್ದು ಒಪ್ಪುತ್ತೀಯಾ?

ನಾನು: ಒಪ್ಪುತ್ತೇನೆ. ಸಭೆ ಕರೆದವನೇ ಅವನು. ಆದರೆ ಯೇಸು ದೇವರು ಅನ್ನುವುದು ಅಲ್ಲಿ ಹುಟ್ಟಿದ ಮಾತಲ್ಲ. ನಿಸಿಯಾ ಇದ್ದದ್ದು ಬಿಥಿನಿಯಾ ಸೀಮೆಯಲ್ಲಿ, ಈಗಿನ ಟರ್ಕಿಯ ಇಜ್ನಿಕ್. ಅದೇ ಸೀಮೆಯನ್ನು ಸುಮಾರು 112ರಲ್ಲಿ ಆಳುತ್ತಿದ್ದ ರೋಮ್‌ನ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಕ್ರೈಸ್ತರು ಬೆಳಗಾಗುವ ಮುಂಚೆ ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ ಅಂತ ಅದರಲ್ಲಿದೆ. ಅವನು ಕ್ರೈಸ್ತನಲ್ಲ, ಅವರನ್ನು ಶಿಕ್ಷಿಸುತ್ತಿದ್ದವನು. ನಿಸಿಯಾಕ್ಕಿಂತ 200 ವರ್ಷ ಮೊದಲು ಅಲ್ವಾ? ನನಗೆ ಆ ಪತ್ರ ಓದಿದಾಗಲೆಲ್ಲ ಕಣ್ಣು ತುಂಬುತ್ತದೆ. ಕತ್ತಲಲ್ಲೇ ಎದ್ದು ಹೋಗಿ ಹಾಡಿದವರು ಅವರು. ಸಿಕ್ಕಿಬಿದ್ದರೆ ಜೀವ ಹೋಗುತ್ತಿತ್ತು.

ದೊಡ್ಡಪ್ಪ: ನಾನು ಹೇಳಿದ್ದೂ ಇದನ್ನೇ. ಏನೂ ಬದಲಾಗಿಲ್ಲ.

ನಾನು: ಅದನ್ನೂ ನಾನು ಒಪ್ಪಲ್ಲ ದೊಡ್ಡಪ್ಪ, ಕ್ಷಮಿಸಿ. ಹಾಡುವುದು ಮೊದಲಿನಿಂದ ಇತ್ತು. ಹಾಡಿದ್ದಕ್ಕೆ ಅರ್ಥ ಏನು ಅಂತ ಹೇಳಲು ಮಾತು ಇರಲಿಲ್ಲ. ಆರಿಯಸ್ ಏನು ಕೇಳಿದ? ತಂದೆ ಒಬ್ಬನೇ ಆದಿ ಇಲ್ಲದವನು, ಹಾಗಾದರೆ ಮಗನಿಗೆ ಆದಿ ಇರಬೇಕಲ್ಲ ಎಂದ. ಅವನೂ ವಾಕ್ಯ ತೋರಿಸಿಯೇ ವಾದ ಮಾಡಿದವನು. ಜ್ಞಾನೋಕ್ತಿ 8:22 ತೆಗೆದು ನೋಡಿ, ದೇವರು ಮೊದಲು ತನ್ನನ್ನು ಉಂಟುಮಾಡಿದ ಅಂತ ಜ್ಞಾನವೇ ಅಲ್ಲಿ ಹೇಳುತ್ತದೆ. ಅವನ ಕಡೆಯವರು ಅದನ್ನೇ ಮುಂದಿಟ್ಟರು.

ದೊಡ್ಡಪ್ಪ: ಅದಕ್ಕೆ ಸತ್ಯವೇದದಲ್ಲೇ ಉತ್ತರ ಇದೆ.

ನಾನು: ಸತ್ಯವೇದದ ಮಾತುಗಳನ್ನೇ ಮೊದಲು ಇಟ್ಟರು ಅಂತ ಅಥನಾಸಿಯಸ್ ಬರೆಯುತ್ತಾನೆ. ಯಾವ ಮಾತು ಇಟ್ಟರೂ ಆರಿಯಸ್ ಕಡೆಯವರು ತಮ್ಮ ಅರ್ಥ ಹಚ್ಚಿ ಒಪ್ಪಿಕೊಳ್ಳುತ್ತಿದ್ದರು. ಅದಕ್ಕೇ ಸತ್ಯವೇದದಲ್ಲಿ ಇಲ್ಲದ ಒಂದು ಗ್ರೀಕ್ ಪದ ತಂದರು. ಹೊಮೊಊಸಿಯೊಸ್. ತಂದೆಯದೂ ಮಗನದೂ ಒಂದೇ ಸತ್ವ ಅಂತ. ಕಷ್ಟ ಏನೆಂದರೆ, 268ರಲ್ಲಿ ಅಂತಿಯೋಕ್ಯದಲ್ಲಿ ಬೇರೊಬ್ಬನ ವಿಚಾರಣೆಯಲ್ಲಿ ಬಿಷಪ್‌ಗಳು ಇದೇ ಪದ ಬೇಡ ಎಂದಿದ್ದರು. ಅಲ್ಲಿ ಅದಕ್ಕೆ ಬೇರೆ ಅರ್ಥ ಇತ್ತು ಅಂತ ಅಥನಾಸಿಯಸ್ ಆಮೇಲೆ ವಿವರಿಸಬೇಕಾಯಿತು. ಕೈಸರೈಯದ ಬಿಷಪ್ ಯೂಸೀಬಿಯಸ್ ನಿಸಿಯಾದಲ್ಲಿ ಸಹಿ ಹಾಕಿ, ತಾನು ಈ ಪದಕ್ಕೆ ಯಾಕೆ ಒಪ್ಪಿದೆ ಅಂತ ತನ್ನ ಊರಿನ ಸಭೆಗೆ ಪತ್ರ ಬರೆದ. ಊರಿನವರು ಏನು ಕೇಳುತ್ತಾರೋ ಅನ್ನುವ ಅಳುಕು ಆ ಪತ್ರದಲ್ಲಿ ಕಾಣುತ್ತದೆ.

ಅಣ್ಣ: ಕೊನೆಗೆ ಎಷ್ಟು ಜನ ವಿರೋಧ?

ನಾನು: ಬಂದವರು 250ರಿಂದ 318 ಅಂತ ಬೇರೆ ಬೇರೆ ಲೆಕ್ಕ ಇದೆ. ಕೊನೆಯವರೆಗೂ ಒಪ್ಪದೆ ಆರಿಯಸ್ ಜೊತೆ ಗಡೀಪಾರಾದ ಬಿಷಪ್‌ಗಳು ಇಬ್ಬರೇ. ಇಬ್ಬರೂ ಲಿಬ್ಯ ಕಡೆಯವರು.

ಅಣ್ಣ: ಚಕ್ರವರ್ತಿ ಎದುರಿಗೆ ಕೂತಾಗ ಯಾರು ಬೇಡ ಅಂತಾರೆ?

ನಾನು: ಒಳ್ಳೆ ಪ್ರಶ್ನೆ. ಆಮೇಲೆ ಏನಾಯಿತು ನೋಡು. ಕೆಲವೇ ವರ್ಷದಲ್ಲಿ ಗಾಳಿ ತಿರುಗಿತು. 337ರಲ್ಲಿ ಸಾಯುವ ಮುಂಚೆ ಕಾನ್‌ಸ್ಟಂಟೈನ್‌ಗೆ ದೀಕ್ಷಾಸ್ನಾನ ಕೊಟ್ಟವನು ನಿಕೊಮೀಡಿಯದ ಬಿಷಪ್ ಯೂಸೀಬಿಯಸ್ (ಮೊದಲು ಹೇಳಿದವನಲ್ಲ, ಬೇರೆಯವನು), ಆರಿಯಸ್‌ನ ಗೆಳೆಯ. ಮಗ ಕಾನ್‌ಸ್ಟಾಂಟಿಯಸ್ ನಿಸಿಯಾದ ಪದಕ್ಕೇ ವಿರೋಧಿ. ಅಥನಾಸಿಯಸ್ ಐದು ಸಲ ಊರು ಬಿಡಬೇಕಾಯಿತು, ಒಟ್ಟು ಸುಮಾರು 17 ವರ್ಷ. ಚಕ್ರವರ್ತಿ ಹೇಳಿದ್ದೇ ನಡೆಯುವುದಾಗಿದ್ದರೆ ಇವತ್ತು ನಾವು ಆರಿಯಸ್ ಹೇಳಿದ್ದನ್ನೇ ಹೇಳುತ್ತಿದ್ದೆವು.

ಅತ್ತೆ: ಹಾಗಾದರೆ ನಾವು ದೇವಾಲಯದಲ್ಲಿ ಎದ್ದು ನಿಂತು ಹೇಳುವ ನಿಸಿಯಾ ವಿಶ್ವಾಸಪ್ರಮಾಣ?

ನಾನು: ಅದರ ಈಗಿನ ರೂಪ 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸೇರಿದ್ದು ಅತ್ತೆ. 325ರಲ್ಲಿ ಪವಿತ್ರಾತ್ಮನ ಬಗ್ಗೆ ಪವಿತ್ರಾತ್ಮನನ್ನೂ ನಂಬುತ್ತೇವೆ ಅಂತ ಇಷ್ಟೇ ಇತ್ತು. ಜೀವ ಕೊಡುವವನು, ಪ್ರವಾದಿಗಳ ಮೂಲಕ ಮಾತಾಡಿದವನು, ಇದೆಲ್ಲ ಆಮೇಲೆ ಬಂತು.

ದೊಡ್ಡಪ್ಪ: ಬೆಳೆಯಿತು ಅನ್ನಬೇಡ, ತಿಳಿಯಾಯಿತು ಅನ್ನು.

ನಾನು: ತಿಳಿಯಾಯಿತು ಅನ್ನುವುದಕ್ಕೆ 56 ವರ್ಷ ಜಗಳ ಆಡಿದರು ದೊಡ್ಡಪ್ಪ. ಆ ಜಗಳವನ್ನೂ ಮಕ್ಕಳಿಗೆ ಹೇಳಬೇಕು ಅನ್ನುವುದಷ್ಟೇ ನನ್ನ ಮಾತು. ನಾವು ಮುಚ್ಚಿಟ್ಟಿದ್ದಕ್ಕೇ ಅಣ್ಣನಿಗೆ ಇದು ಫಾರ್ವರ್ಡ್‌ನಲ್ಲಿ ಸಿಕ್ಕಿತು.

ದೊಡ್ಡಪ್ಪ: ಅದು ಸರಿ. ಆದರೆ ಮಕ್ಕಳಿಗೆ ಮೊದಲು ವಿಶ್ವಾಸ ಕಲಿಸು, ಜಗಳ ಆಮೇಲೆ.

ಅಣ್ಣ: ನನಗೆ ಆ ಪ್ಲಿನಿ ಪತ್ರ ಕಳಿಸು.

ನಾನು: ರಾತ್ರಿ ಕನ್ನಡದಲ್ಲಿ ಬರೆದು ಹಾಕುತ್ತೇನೆ. ಚಿಕ್ಕ ಪತ್ರ ಅಷ್ಟೇ.