6-8ನೇ ಕ್ಲಾಸಿಗೆ ಗಣಿತಾನ ಸಮಸ್ಯೆಯಿಂದನ ಶುರು ಮಾಡೋದು ಹೆಂಗ್ರಿ?

ಸಿಂಧನೂರು ಮೇಷ್ಟ್ರು:
ನಮಸ್ಕಾರ್ರಿ. ನಾನು ಜಿಪಿಟಿ, ಅಂದ್ರ 6-8ನೇ ಕ್ಲಾಸಿನ ಪದವೀಧರ ಶಿಕ್ಷಕ, ವಿಷಯ ಗಣಿತ. ಪಾಠ ಹೇಳೋದು, ಬೋರ್ಡ್ ಮ್ಯಾಲ ಎರಡು ಉದಾಹರಣೆ ಮಾಡೋದು, ಆಮ್ಯಾಲ ಅಭ್ಯಾಸದ ಲೆಕ್ಕ, ಈ ಕ್ರಮ ಉಲ್ಟಾ ಮಾಡಿ ಮೊದ್ಲ ಸಮಸ್ಯೆ ಕೊಟ್ಟು ಹುಡುಗ್ರು ಒದ್ದಾಡ್ಲಿ, ವಿಧಾನ ಹಿಂದಿಂದ ಬರ್ಲಿ ಅಂತ ಮೂರೂ ಕ್ಲಾಸಿಗೆ ವರ್ಷದ ಪ್ಲಾನ್ ಹಾಕಾಕತ್ತೀನಿ. ಎಂಥಾ ಸಮಸ್ಯೆ ಆರಿಸ್ಬೇಕು? ಪುಸ್ತಕದಾಗಿನ ಹೇಳಿಕೆ ಲೆಕ್ಕಾನ ಮುಂದ ತಂದ್ರ ಸಾಕಾ?

ಕುಷ್ಟಗಿ ಟೀಚರ್:
ಸಾಕಾಗಂಗಿಲ್ರಿ ಸರ್. ಭಾಗಾಕಾರದ ಪಾಠದ ಕಡೀಗೆ ಇರೋ ಲೆಕ್ಕ ಅಂದ್ರ ಹುಡುಗ ಓದೋದೂ ಇಲ್ಲ, ಎರಡು ಸಂಖ್ಯೆ ಹುಡುಕಿ ಭಾಗಿಸಿ ಬಿಡ್ತಾನ. ಯಾವ ಪಾಠದ್ದು ಅಂತ ಗೊತ್ತಾಗಬಾರ್ದು, ಅದು ಸಮಸ್ಯೆ. ನಾನು ಪಹಣಿ ತಗೋತೀನಿ. ಹೊಲ 2-15, ಅಂದ್ರ 2 ಎಕರೆ 15 ಗುಂಟೆ, ಮೂರು ಮಂದಿ ಅಣ್ಣತಮ್ಮಂದ್ರಿಗೆ ಸಮಪಾಲು ಮಾಡ್ರಿ ಅಷ್ಟ. ಅರ್ಧ ಕ್ಲಾಸು 2.15 ಅಂತ ಬರ್ಕೊಂಡು 3ರಿಂದ ಭಾಗಿಸ್ತದ. ಎಕರೆಗೆ 40 ಗುಂಟೆ ಅಂತ ಅಪ್ಪನ ಬಾಯಾಗ ಕೇಳಿದ ಹುಡುಗ್ರು 95 ಗುಂಟೆ ಮಾಡಿ ಒಬ್ಬೊಬ್ರಿಗೆ 31, ಇನ್ನ 2 ಉಳೀತಲ್ಲ ಏನ್ ಮಾಡೋದು ಅಂತ ಕುಂದರ್ತಾವ. ಅಲ್ಲಿ ಭಿನ್ನರಾಶಿ ತಾನ ಬಂತು ನೋಡ್ರಿ. ಆಮ್ಯಾಲ ಎರಡೂ ಗುಂಪಿನ ಉತ್ತರ ಬೋರ್ಡ್ ಮ್ಯಾಲ ಬರ್ಸಿ ಜಗಳ ಹಚ್ಚೋದು: 2.15 ಎಕರೆ ಅಂದ್ರ 86 ಗುಂಟೆ, 9 ಗುಂಟೆ ಎಲ್ಲಿ ಹೋತು? ಹೊಲದಾಗ 9 ಗುಂಟೆ ಹೋದ್ರ ಕೋರ್ಟಿಗೇ ಹೋಗ್ತಾರ್ರಿ ನಮ್ಮ ಕಡೆ. ದಶಮಾಂಶ ಅಂದ್ರ ಹತ್ತರ ಲೆಕ್ಕ, ಗುಂಟೆ ನಲವತ್ತರ ಲೆಕ್ಕ ಅನ್ನೋದು ನಾನು ಹೇಳಬೇಕಾಗೇ ಇಲ್ಲ. ಮುಂದ ಗುಂಟೆ ಅಂದ್ರ 33 ಅಡಿ ಚೌಕ, 1089 ಚದರಡಿ, ಅಲ್ಲಿಂದ ವಿಸ್ತೀರ್ಣಕ್ಕ ಹೋಗಬಹುದು.

ಬಳ್ಳಾರಿಯವ:
ಕೇಳಾಕ ಚಂದ ಐತ್ರಿ ಮೇಡಂ, ಆದ್ರ ಒಂದು ಸಮಸ್ಯೆಗೆ ಎರಡು ಮೂರು ಪಿರಿಯಡ್ ಹೋದ್ರ ಪೋರ್ಷನ್ ಮುಗಿಯೋದು ಯಾವಾಗ, ಎಫ್‌ಎ ಪರೀಕ್ಷೆ (ವರ್ಷದ ನಡುವಿನ ಮೌಲ್ಯಮಾಪನ) ಯಾರು ಬರೀತಾರ? ಆರನೇತ್ತಕ್ಕ ಬಂದು ಮಗ್ಗಿ ಬರದೇ ಇರೋವು ಅದಾವು, ಅವು ಸುಮ್ನ ಪಕ್ಕದವನ ನೋಟ್‌ಬುಕ್ ನೋಡ್ತಾವ.

ಮುನಿರಾಬಾದ್ ಸರ್:
ಬಳ್ಳಾರಿ ಸರ್ ಮಾತು ತಗದು ಹಾಕಂಗಿಲ್ಲ. ರೂಢಿ ಲೆಕ್ಕ ಬಿಡಬಾರ್ದು, ಆದ್ರ ಸಮಸ್ಯೆ ಆದಮ್ಯಾಲ ಕೊಡ್ರಿ, ಯಾಕ್ ಬೇಕು ಅಂತ ಆಗ ತಿಳಿದಿರ್ತದ. ಪ್ಲಾನ್ ಹಾಕುವಾಗ ಪಾಠ ಬಿಡ್ರಿ, ತಿಂಗಳಿಗೆ ಒಂದ ದೊಡ್ಡ ಸಮಸ್ಯೆ ಆರಿಸಿ ಅದರಾಗ ಯಾವ್ಯಾವ ಪಾಠ ಮುಗೀತಾವ ಅಂತ ಪುಸ್ತಕಕ್ಕ ಟಿಕ್ ಹಾಕ್ರಿ, ಉಳಿದದ್ದು ನೇರ ಪಾಠ. ನನ್ನ ಎಂಟನೇತ್ತಕ್ಕ ನಮ್ಮ ತುಂಗಭದ್ರಾ ಡ್ಯಾಮ ಸಮಸ್ಯೆ. 1 ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹೊರಗ ಹೋದ್ರ ಎಷ್ಟು ಟಿಎಂಸಿ? ಕ್ಯೂಸೆಕ್ ಅಂದ್ರ ಸೆಕೆಂಡಿಗೆ 1 ಘನ ಅಡಿ, ಟಿಎಂಸಿ ಅಂದ್ರ 100 ಕೋಟಿ ಘನ ಅಡಿ, ಇಷ್ಟ ಹೇಳ್ತೀನಿ. ದಿನಕ್ಕ 86,400 ಸೆಕೆಂಡ್ ಅನ್ನೋದು ಅವ್ರ ತೆಗೀಬೇಕು. 8.64 ಬರ್ತದ. ಘಾತಾಂಕ ಯಾಕ್ ಬೇಕು ಅಂತ ಸೊನ್ನೆ ಎಣಿಸಿ ಸಾಕಾದಾಗ ಕೇಳ್ತಾರ. 2024ರ ಆಗಸ್ಟ್‌ನಾಗ 19ನೇ ಗೇಟ್ ಕೊಚ್ಚಿ ಹೋದದ್ದು ಗೊತ್ತಿರೋ ಹುಡುಗ್ರು, ಬ್ಯಾರೆ ಪ್ರಶ್ನೆ ತಾವ ಹಾಕ್ತಾರ. ಹೂಳಿನಿಂದ ಡ್ಯಾಮಿನ ಸಾಮರ್ಥ್ಯ 133 ಟಿಎಂಸಿಯಿಂದ 105ರ ಸುಮಾರಿಗೆ ಇಳಿದೈತಿ, ಅದು ಏಳನೇತ್ತಕ್ಕ ಶೇಕಡಾ.

ಸಿಂಧನೂರು ಮೇಷ್ಟ್ರು:
ಪಹಣಿದು ಸೋಮವಾರನ ಹಿಡಿತೀನಿ. ಮೇಡಂ, ಹೊಲ ಇಲ್ಲದ ಮನಿ ಹುಡುಗ್ರಿಗೆ?

ಕುಷ್ಟಗಿ ಟೀಚರ್:
ಅವ್ರ ಮನ್ಯಾಗ ಕೂಲಿ ಲೆಕ್ಕ ಇರ್ತದ್ರಿ. ಗುತ್ತಿಗೆ ಹಿಡಿದು ಹತ್ತಿ ಬಿಡಿಸಿದ್ರ ಲಾಭೋ ದಿನಗೂಲಿ ಲಾಭೋ ಅಂತ ಕೇಳ್ರಿ, ಅನುಪಾತದಾಗ ಹೊಲದವ್ರಿಗಿಂತ ಮುಂದ ಅದಾರ.