ಚಳಿಗಾಲದಲ್ಲಿ ಮಾತ್ರ ಸೋರುವ ಕ್ಯಾಥೆಡ್ರಲ್ ಸೀಲಿಂಗ್: ಮೇಲಿನಿಂದ ಇನ್ಸುಲೇಷನ್ ಹಾಕಬಹುದಾ?

ಪ್ರಶ್ನೆ:
ನಮ್ಮ ಮನೆ ಮಿನ್ನಿಯಾಪೊಲಿಸ್ ಪಕ್ಕದಲ್ಲಿದೆ. ಹಾಲ್‌ಗೆ ಕ್ಯಾಥೆಡ್ರಲ್ ಸೀಲಿಂಗ್. ಅಟ್ಟ ಇಲ್ಲ, ರಾಫ್ಟರ್‌ಗಳ (ಛಾವಣಿಯ ಇಳಿಜಾರು ತೊಲೆಗಳ) ಅಡಿಗೇ ಪೈನ್ ಹಲಗೆ ಹೊಡೆದಿದ್ದಾರೆ. 2x10 ರಾಫ್ಟರ್, ನಡುವೆ ಆರ್-30 ಫೈಬರ್‌ಗ್ಲಾಸ್ (ಆರ್ ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ). ಫೆಬ್ರುವರಿಯಲ್ಲಿ ಬಿಸಿಲು ಬಂತೆಂದರೆ ಹಲಗೆ ಸಂದಿಯಿಂದ, ಸೀಲಿಂಗ್ ಲೈಟ್‌ಗಳ ಸುತ್ತ ನೀರು ತೊಟ್ಟಿಕ್ಕುತ್ತದೆ. ಬೇಸಿಗೆಯ ಜೋರು ಮಳೆಗೆ ಒಂದು ಹನಿಯೂ ಇಲ್ಲ. ಸೂರಿನಲ್ಲಿ ಐಸ್ ಡ್ಯಾಮ್ (ಕರಗಿದ ಹಿಮ ಅಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿದ ದಿಣ್ಣೆ) ಬೇರೆ. ರಿಡ್ಜ್‌ನಲ್ಲಿ (ಛಾವಣಿಯ ನೆತ್ತಿಯಲ್ಲಿ) ಇನ್ನಷ್ಟು ವೆಂಟ್ ಕೂರಿಸಿದರೆ ಸಾಕು ಅಂತ ರೂಫರ್ ಹೇಳುತ್ತಿದ್ದಾರೆ. ಹೇಗೂ ಶಿಂಗಲ್ (ಛಾವಣಿಯ ಮೇಲ್ಹೊದಿಕೆ) ಬದಲಿಸಬೇಕು, ಒಳಗಿನ ಹಲಗೆ ಕೀಳಲು ಇಷ್ಟವಿಲ್ಲ. ಮೇಲಿನಿಂದ ಫೋಮ್ ಹಾಕಿದರೆ ಸರಿಹೋಗುತ್ತಾ? ಎಷ್ಟು ದಪ್ಪ ಬೇಕು?

ಉತ್ತರ:
ಮಳೆಗೆ ಸೋರದೆ ಚಳಿಗೆ ಮಾತ್ರ ಸೋರಿದರೆ ಅದು ಹೆಚ್ಚಾಗಿ ಮನೆಯೊಳಗಿನದೇ ತೇವ. ಅಡುಗೆ, ಸ್ನಾನ, ಉಸಿರಿನ ಆವಿ ಬೆಚ್ಚಗಿನ ಗಾಳಿಯ ಜೊತೆ ಹಲಗೆ ಸಂದಿಯಲ್ಲಿ, ಲೈಟ್ ತೂತುಗಳಲ್ಲಿ ಮೇಲೇರುತ್ತದೆ. ಫೈಬರ್‌ಗ್ಲಾಸ್ ಗಾಳಿಯನ್ನು ತಡೆಯುವುದಿಲ್ಲ. ಆ ಆವಿ ಛಾವಣಿಯ ತಣ್ಣನೆ ಪ್ಲೈವುಡ್‌ಗೆ ತಗುಲಿ ಹಿಮವಾಗಿ ಕೂರುತ್ತದೆ, ಬಿಸಿಲಿಗೆ ಕರಗುತ್ತದೆ. ಸಂದಿಗಳನ್ನು ಹಾಗೇ ಬಿಟ್ಟು ರಿಡ್ಜ್ ವೆಂಟ್ ಹೆಚ್ಚಿಸಿದರೆ ಮನೆಯ ಗಾಳಿ ಇನ್ನೂ ಜಾಸ್ತಿ ಮೇಲಕ್ಕೆ ಎಳೆಯಬಹುದು. ಅದಕ್ಕೆ ನಾನು ಒಪ್ಪುವುದಿಲ್ಲ.

ಮೇಲಿನಿಂದ ಫೋಮ್ ಹಾಕುವುದು ಒಳ್ಳೆಯ ದಾರಿ. ನಿಮ್ಮ ಊರು ಹವಾಮಾನ ವಲಯ 6ರಲ್ಲಿದೆ. ಅಮೆರಿಕದ ಮನೆ ಕಟ್ಟುವ ನಿಯಮಾವಳಿ ಐಆರ್‌ಸಿ ಈ ವಲಯಕ್ಕೆ ಪ್ಲೈವುಡ್ ಮೇಲೆ ಕನಿಷ್ಠ ಆರ್-25 ಕೇಳುತ್ತದೆ. ಅದು ಒಟ್ಟು ಆರ್-49ರ ಲೆಕ್ಕ, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮೇಲೇ ಇರಬೇಕು. ನಿಮಗೆ ಕೆಳಗೇ ಆರ್-30 ಇದೆ, ಹಾಗಾಗಿ ಮೇಲೂ ಆರ್-30ಕ್ಕೆ ಕಡಿಮೆ ಬೇಡ. ಒಳಗೆ 21 ಡಿಗ್ರಿ ಸೆಲ್ಸಿಯಸ್, ಹೊರಗೆ ಮೈನಸ್ 9 ಇದ್ದಾಗ ಪ್ಲೈವುಡ್ ನಡುವಿನ 6 ಡಿಗ್ರಿಯಲ್ಲಿ ನಿಲ್ಲುತ್ತದೆ. ಒಳಗಿನ ತೇವಾಂಶ 35% ಇದ್ದರೆ ಗಾಳಿಯ ಆವಿ ನೀರಾಗುವುದು ಸುಮಾರು 5 ಡಿಗ್ರಿಗೆ. ಅಂಚಿನಲ್ಲೇ ಇದ್ದೀರಿ, ಅದಕ್ಕೇ ಚಳಿಗಾಲದಲ್ಲಿ ಹ್ಯುಮಿಡಿಫೈಯರ್ ಇಡಬೇಡಿ. ಪಾಲಿಐಸೊ ಎಂಬ ಗಟ್ಟಿ ಫೋಮ್ ಹಲಗೆ ಚಳಿಯಲ್ಲಿ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ. ಇಂಚಿಗೆ ಆರ್-5 ಎಂದೇ ಹಿಡಿದು 6 ಇಂಚು ಹಾಕಿ.

ಇನ್ನು ಮುಖ್ಯವಾದ ಮಾತು. ಸೋಫಿಟ್ (ಸೂರಿನ ಅಡಿಭಾಗ) ಮತ್ತು ರಿಡ್ಜ್ ವೆಂಟ್ ಎರಡನ್ನೂ ಪೂರ್ತಿ ಮುಚ್ಚಲೇಬೇಕು. ಫೋಮ್ ಅಡಿಯಲ್ಲಿ ಹೊರಗಿನ ತಣ್ಣನೆ ಗಾಳಿ ಓಡಾಡುತ್ತಿದ್ದರೆ ಮೇಲೆ ಎಷ್ಟು ದಪ್ಪ ಹಾಕಿದರೂ ದುಡ್ಡು ದಂಡ. ಫೈಬರ್‌ಗ್ಲಾಸ್ ಮೇಲಿನ ಖಾಲಿ ಜಾಗವನ್ನೂ ತುಂಬಿಸಿ, ಅದು ಪ್ಲೈವುಡ್‌ಗೆ ತಾಗಿರಬೇಕು. ಹಳೆ ಪ್ಲೈವುಡ್ ಮೇಲೆ ಅಂಟುವ ಮೆಂಬ್ರೇನ್ ಹೊದಿಸಿ, ಅದನ್ನು ಗೋಡೆಯ ಗಾಳಿತಡೆಗೆ ಸೇರಿಸಿ. ಸೂರಿನ ಆ ಮೂಲೆಯಲ್ಲೇ ಕೆಲಸ ಕೆಡುವುದು. ಕೆಲಸಗಾರರು ಅದನ್ನು ಮುಗಿಸುವಾಗ ನೀವೇ ನಿಂತು ನೋಡಿ. ಆಮೇಲೆ 3 ಇಂಚಿನ ಎರಡು ಪದರ ಫೋಮ್, ಜಾಯಿಂಟ್ ಮೇಲೆ ಜಾಯಿಂಟ್ ಬರದ ಹಾಗೆ, ಟೇಪ್ ಹಾಕಿ. ಒಳಗಡೆ ಪ್ಲಾಸ್ಟಿಕ್ ಹಾಳೆ ಬೇಡ, ಈ ಛಾವಣಿ ಒಳಮುಖವಾಗಿ ಒಣಗಬೇಕು.

ಪ್ರಶ್ನೆ:
ವೆಂಟ್ ಮುಚ್ಚಿದರೆ ಶಿಂಗಲ್ ವಾರಂಟಿ ಹೋಗುತ್ತೆ ಅಂತಾರಲ್ಲ? ಒದ್ದೆಯಾದ ಫೈಬರ್‌ಗ್ಲಾಸ್ ಏನು ಮಾಡಲಿ?

ಉತ್ತರ:
ಗಾಳಿಯ ದಾರಿಯನ್ನು ಫೋಮ್ ಮೇಲಕ್ಕೆ ತನ್ನಿ. ಪ್ರತಿ ರಾಫ್ಟರ್ ನೇರಕ್ಕೆ 2x4 ಅನ್ನು ಮಲಗಿಸಿ, ಸುಮಾರು 10 ಇಂಚಿನ ಸ್ಕ್ರೂ ರಾಫ್ಟರ್ ಒಳಗೆ ಒಂದೂವರೆ ಇಂಚು ಇಳಿಯುವ ಹಾಗೆ ಬಿಗಿಯಿರಿ. ಅದರ ಮೇಲೆ ಹೊಸ ಪ್ಲೈವುಡ್, ಐಸ್ ಅಂಡ್ ವಾಟರ್ ಶೀಲ್ಡ್ (ನೀರು ತಡೆಯುವ ಅಂಟುಹಾಳೆ), ಶಿಂಗಲ್. ಆ ಒಂದೂವರೆ ಇಂಚಿನ ಸಂದಿಗೆ ಸೂರಿನಿಂದ ರಿಡ್ಜ್‌ವರೆಗೆ ಗಾಳಿ ಸಿಗಲಿ. ಐಸ್ ಡ್ಯಾಮ್‌ಗೂ ಇದೇ ಮದ್ದು. ಆದರೂ ವಾರಂಟಿ ಷರತ್ತು ಮೊದಲೇ ಓದಿಕೊಳ್ಳಿ. ಛಾವಣಿ ಸುಮಾರು 8 ಇಂಚು ಎತ್ತರವಾಗುತ್ತದೆ. ಚಿಮಣಿ ಫ್ಲ್ಯಾಶಿಂಗ್ (ನೀರು ತಡೆಯುವ ತಗಡು), ಸ್ಕೈಲೈಟ್ ಕಟ್ಟೆ, ಪ್ಲಂಬಿಂಗ್ ಪೈಪು, ಫೇಷಿಯಾ (ಸೂರಿನ ಅಂಚಿನ ಹಲಗೆ) ಎಲ್ಲವೂ ಕೊಟೇಶನ್‌ನಲ್ಲಿ ಇದೆಯಾ ನೋಡಿ.

ಶಿಂಗಲ್ ತೆಗೆದ ದಿನ ನೀರು ಬಿದ್ದ ಜಾಗಗಳ ಪ್ಲೈವುಡ್ ಬಿಚ್ಚಿಸಿ. ಕೊಳೆತ ಹಾಳೆ, ಒದ್ದೆ ಫೈಬರ್‌ಗ್ಲಾಸ್ ಎರಡನ್ನೂ ಬದಲಿಸಿ. ಮೇಲಿನಿಂದ ಲೈಟ್ ಡಬ್ಬಿಗಳು ಕೈಗೆ ಸಿಗುವುದೂ ಆಗಲೇ, ಅವುಗಳನ್ನೂ ಅಂದೇ ಸೀಲ್ ಮಾಡಿಸಿ. ಮರ ಒಣಗುವವರೆಗೆ ಮೆಂಬ್ರೇನ್ ಅಂಟಿಸಲೇಬೇಡಿ.