ಬೆಲ್ಜಿಯಂನ 541 ದಿನ: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ದೊಡ್ಡಪ್ಪ (ಫಾರ್ವರ್ಡ್): ಬೆಲ್ಜಿಯಂನಲ್ಲಿ ಚುನಾವಣೆ ಮುಗಿದು 541 ದಿನ ಸರ್ಕಾರವೇ ಇರಲಿಲ್ಲ! ಕಾರಣ ಭಾಷೆ ಜಗಳ. ಎರಡು ಭಾಷೆಗೇ ಈ ಗತಿಯಾದರೆ 22 ಭಾಷೆ ಇಟ್ಟುಕೊಂಡ ನಮ್ಮ ಗತಿ ಏನು? ಒಂದೇ ದೇಶ, ಒಂದೇ ಭಾಷೆ. ನಿಜ ಅನ್ನಿಸಿದರೆ ಹತ್ತು ಜನಕ್ಕೆ ಕಳಿಸಿ.

ಚಿಕ್ಕಪ್ಪ: ನೂರಕ್ಕೆ ನೂರು ನಿಜ ಅಣ್ಣ. ನಾನೂ ಆಫೀಸ್ ಗುಂಪಿಗೆ ಹಾಕಿದೆ.

ನಾನು: ದೊಡ್ಡಪ್ಪ, ಹೊಸ ಸರ್ಕಾರ ಬರಲು 541 ದಿನ ಹಿಡಿದಿದ್ದು ನಿಜ. 2010ರ ಜೂನ್ 13ಕ್ಕೆ ಮತದಾನ ಆಯಿತು. ಎಲಿಯೊ ಡಿ ರೂಪೊ ಪ್ರಧಾನಿಯಾಗಿದ್ದು 2011ರ ಡಿಸೆಂಬರ್ 6ಕ್ಕೆ. ಆದರೆ ಕೆಳಗೆ ಬರೆದಿರುವ ಪಾಠ ಪೂರ್ತಿ ಉಲ್ಟಾ. ರಾತ್ರಿ ಕೂತು ಬರೆಯುತ್ತೇನೆ. ಅಲ್ಲಿಯವರೆಗೆ ಬೇರೆ ಗುಂಪಿಗೆ ಕಳಿಸಬೇಡಿ, ಪ್ಲೀಸ್.

ದೊಡ್ಡಪ್ಪ: ಉಲ್ಟಾ ಹೇಗೆ? ಅದು ಭಾಷೆ ಜಗಳ ಹೌದೋ ಅಲ್ಲವೋ, ಅಷ್ಟು ಹೇಳು.

ಸಣ್ಣತ್ತೆ: ಅವಳು ಎರಡು ವರ್ಷ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಇದ್ದು ಬಂದವಳು. ಹೇಳಲಿ ಬಿಡಿ ಅಣ್ಣ.

ನಾನು: ಅಡುಗೆ ಮುಗಿಸಿ ಕೂತೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಅಲ್ಲಿ ಉತ್ತರದ ಫ್ಲಾಂಡರ್ಸ್‌ನವರು ಡಚ್ ಮಾತಾಡುತ್ತಾರೆ. ಜನಸಂಖ್ಯೆಯಲ್ಲಿ ಅವರೇ ಜಾಸ್ತಿ. ದಕ್ಷಿಣದ ವಲೋನಿಯದವರು ಫ್ರೆಂಚ್. ಪೂರ್ವದ ಮೂಲೆಯಲ್ಲಿ ಜರ್ಮನ್ ಆಡುವವರೂ ಇದ್ದಾರೆ, ಆದ್ದರಿಂದ ಅಧಿಕೃತ ಭಾಷೆ ಎರಡಲ್ಲ, ಮೂರು.

1830ರಲ್ಲಿ ಆ ದೇಶ ಹುಟ್ಟಿದಾಗ ಸರ್ಕಾರ, ಕೋರ್ಟು, ಸೈನ್ಯ ಎಲ್ಲ ಫ್ರೆಂಚ್‌ನಲ್ಲೇ ನಡೆಯುತ್ತಿತ್ತು. ಡಚ್ ಎಂದರೆ ರೈತರ ಮಾತು, ಕೂಲಿಯವರ ಮಾತು ಎಂದು ಪಕ್ಕಕ್ಕೆ ಇಟ್ಟರು. ಕಾನೂನಿನ ಡಚ್ ಪ್ರತಿಗೆ ಫ್ರೆಂಚ್ ಪ್ರತಿಯಷ್ಟೇ ಬೆಲೆ ಬಂದಿದ್ದು 1898ರಲ್ಲಿ. ಫ್ಲಾಂಡರ್ಸ್‌ನ ಗೆಂಟ್ ವಿಶ್ವವಿದ್ಯಾಲಯದಲ್ಲಿ ಪಾಠ ಡಚ್‌ಗೆ ಬಂದಿದ್ದು 1930ರಲ್ಲಿ. ನೂರು ವರ್ಷ ಕಾದರು ದೊಡ್ಡಪ್ಪ! ಈ ಫಾರ್ವರ್ಡ್ ಕೇಳುತ್ತಿರುವ ‘ಒಂದೇ ಭಾಷೆ’ಯನ್ನು ಬೆಲ್ಜಿಯಂ ಮೊದಲೇ ಮಾಡಿ ನೋಡಿತ್ತು. ಆ ಅವಮಾನವನ್ನು ಅಲ್ಲಿನವರು ಇನ್ನೂ ಮರೆತಿಲ್ಲ.

ನಾವಿದ್ದ ಲ್ಯೂವೆನ್ ಊರು ಡಚ್ ಕಡೆಗಿದೆ. ಅಲ್ಲಿನ ವಿಶ್ವವಿದ್ಯಾಲಯ 1425ರಷ್ಟು ಹಳೆಯದು. 1968ರಲ್ಲಿ ‘ಫ್ರೆಂಚಿನವರು ಹೊರಗೆ ಹೋಗಲಿ’ ಎಂದು ದೊಡ್ಡ ಗಲಾಟೆ ಆಗಿ ಸರ್ಕಾರವೇ ಬಿತ್ತು. ಆಮೇಲೆ ವಿಶ್ವವಿದ್ಯಾಲಯವನ್ನೇ ಒಡೆದರು. ಫ್ರೆಂಚ್ ಪಾಲಿಗೆ ಭಾಷಾ ಗಡಿಯ ಆಚೆ ಹೊಸ ಊರನ್ನೇ ಕಟ್ಟಿದರು. ಲೈಬ್ರರಿಯ ಪುಸ್ತಕಗಳನ್ನು ಬೆಸ ನಂಬರ್ ಒಬ್ಬರಿಗೆ, ಸಮ ನಂಬರ್ ಒಬ್ಬರಿಗೆ ಎಂದು ಹಂಚಿಕೊಂಡರು. ಮಾನಸಗಂಗೋತ್ರಿಯ ಲೈಬ್ರರಿಯನ್ನು ಯಾರಾದರೂ ಹಾಗೆ ಪಾಲು ಮಾಡಿದರೆ ನಿಮಗೆ ಹೇಗಾಗಬಹುದು? ನನಗಂತೂ ಅಲ್ಲಿ ಓದಲು ಕೂತಾಗಲೆಲ್ಲ ಸಂಕಟ ಆಗುತ್ತಿತ್ತು.

ಇನ್ನು ಚುನಾವಣೆ. 1968ರಿಂದ 1978ರ ಒಳಗೆ ಮೂರು ದೊಡ್ಡ ಪಕ್ಷಗಳೂ ಭಾಷೆಯ ಗೆರೆಗೆ ಸರಿಯಾಗಿ ಎರಡೆರಡು ಹೋಳಾದವು. ಈಗ ಲ್ಯೂವೆನ್‌ನಲ್ಲಿ ದೊಡ್ಡ ಫ್ರೆಂಚ್ ಪಕ್ಷಗಳು ನಿಲ್ಲುವುದೇ ಇಲ್ಲ. ಎರಡೂ ಭಾಷೆಯ ಪಕ್ಷಗಳು ಒಟ್ಟಿಗೆ ಕಣದಲ್ಲಿ ಸಿಗಬೇಕೆಂದರೆ ಎರಡೂ ಭಾಷೆ ನಡೆಯುವ ರಾಜಧಾನಿ ಬ್ರಸೆಲ್ಸ್‌ಗೇ ಹೋಗಬೇಕು. ಪ್ರಚಾರದಲ್ಲಿ ಆಚೆ ಕಡೆಯವರನ್ನು ಎಷ್ಟು ಬೈದರೂ ಒಂದು ವೋಟೂ ಕಡಿಮೆ ಆಗುವುದಿಲ್ಲ. ಅವರ ವೋಟು ಇವರಿಗೆ ಬೇಕಾಗಿಯೇ ಇಲ್ಲ, ಅಲ್ವಾ? ಆದರೆ ಫಲಿತಾಂಶ ಬಂದ ಮೇಲೆ ಅವರ ಜೊತೆಯೇ ಕೂರಬೇಕು. ಪ್ರಧಾನಿಯನ್ನು ಬಿಟ್ಟು ಉಳಿದ ಮಂತ್ರಿಗಳು ಡಚ್, ಫ್ರೆಂಚ್ ಎರಡೂ ಕಡೆ ಸಮಸಮ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಬ್ರಸೆಲ್ಸ್ ಮತ್ತು ಸುತ್ತಲಿನ ಊರುಗಳು ಸೇರಿದ ಒಂದು ಕ್ಷೇತ್ರವನ್ನು ಒಡೆಯಬೇಕೋ ಬೇಡವೋ ಎಂಬುದರ ಮೇಲೆಯೇ ತಿಂಗಳುಗಟ್ಟಲೆ ಹಗ್ಗ ಜಗ್ಗಾಡಿದರು. 541 ದಿನ ಹೋಗಿದ್ದು ಹೀಗೆ.

ನಮ್ಮ ಮೈಸೂರು-ಕೊಡಗು ಕ್ಷೇತ್ರ ನೋಡಿ. ನರಸಿಂಹರಾಜದಲ್ಲಿ ಉರ್ದು ಮನೆಮಾತಿನವರು ಎಷ್ಟು ಜನ! ಮಡಿಕೇರಿ, ವಿರಾಜಪೇಟೆ ಕಡೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ. ಹುಣಸೂರು, ಪಿರಿಯಾಪಟ್ಟಣದಲ್ಲಿ ನಮ್ಮ ಕನ್ನಡ. ಯಾರೇ ನಿಂತರೂ ಇವರೆಲ್ಲರ ಬಾಗಿಲಿಗೆ ಹೋಗಿ ಕೈಮುಗಿಯಬೇಕು. ನಮ್ಮನ್ನು ಕಾಯುತ್ತಿರುವುದು ಅದು. ಭಾಷೆ ಎಷ್ಟಿದೆ ಎಂಬ ಲೆಕ್ಕ ಅಲ್ಲ.

ಚಿಕ್ಕಪ್ಪ: ಹಾಗಾದರೆ ಆ ದೇಶ ಈಗ ಒಡೆದು ಹೋಯಿತಾ?

ನಾನು: ಇಲ್ಲ ಚಿಕ್ಕಪ್ಪ. 2024ರ ಜೂನ್ 9ಕ್ಕೆ ಮತ್ತೆ ಚುನಾವಣೆ ಆಯಿತು. ಸುಮಾರು ಎಂಟು ತಿಂಗಳು ಮಾತುಕತೆ. 2025ರ ಫೆಬ್ರವರಿ 3ಕ್ಕೆ ಬಾರ್ಟ್ ಡೆ ವೆವರ್ ಪ್ರಧಾನಿಯಾದರು. ಫ್ಲಾಂಡರ್ಸ್ ಬೇರೆ ಆಗಬೇಕು ಅನ್ನುವ ಪಕ್ಷದ ನಾಯಕ ಅವರು. ಈಗ ಇಡೀ ಬೆಲ್ಜಿಯಂ ನಡೆಸುತ್ತಿದ್ದಾರೆ.

ಭಾವ: ಎಲ್ಲ ಸರಿ. ನಾನು ಮಂಡ್ಯದವನು, ಒಂದು ಮಾತು ಕೇಳುತ್ತೇನೆ. ಕಾವೇರಿ ವಿಷಯ ಬಂದಾಗ ಮಂಡ್ಯದಲ್ಲಿ ನಿಂತವರು ತಂಜಾವೂರಿನವರ ವೋಟು ಕೇಳುತ್ತಾರಾ? ಅವರು ನಮ್ಮ ವೋಟು ಕೇಳುತ್ತಾರಾ? ನಾವೂ ಬೆಲ್ಜಿಯಂ ಥರವೇ ಆಡುತ್ತೇವೆ.

ನಾನು: ಭಾವ, ಈ ಮಾತು ಒಪ್ಪುತ್ತೇನೆ. ಕಾವೇರಿ ವಿಷಯದಲ್ಲಿ ನಾವು ಹಾಗೇ ಆಡುತ್ತೇವೆ. ಒಂದೇ ಪಕ್ಷದವರು ಆ ಕಡೆ ಒಂದು, ಈ ಕಡೆ ಒಂದು ಹೇಳುವುದನ್ನು ನಾವೇ ಎಷ್ಟು ಸಲ ಕೇಳಿಲ್ಲ! ಆದರೆ ಆ ಜಗಳ ಭಾಷೆಯಿಂದ ಹುಟ್ಟಿದ್ದಲ್ಲ. ಮೈಸೂರು ಮತ್ತು ಮದ್ರಾಸು ಮೊದಲು ಒಪ್ಪಂದ ಮಾಡಿಕೊಂಡಿದ್ದು 1892ರಲ್ಲಿ, ಆಮೇಲೆ 1924ರಲ್ಲಿ. ಭಾಷಾವಾರು ರಾಜ್ಯ ಆಗಿದ್ದು 1956ರಲ್ಲಿ. ನಾಳೆ ಎರಡೂ ರಾಜ್ಯದವರು ಒಂದೇ ಭಾಷೆ ಆಡಿದರೂ ಮಳೆ ಕೈಕೊಟ್ಟ ವರ್ಷ ಕನ್ನಂಬಾಡಿಯಲ್ಲಿ ನೀರು ಜಾಸ್ತಿ ಆಗುವುದಿಲ್ಲ.

ಭಾವ: ಅದು ನಿಜ.

ದೊಡ್ಡಪ್ಪ: ಓದಿದೆ ಮಗಳೇ, ಎರಡು ಸಲ ಓದಿದೆ. ಬೆಲ್ಜಿಯಂ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ, ಒಪ್ಪಿದೆ. ಆದರೂ ಇಷ್ಟು ದೊಡ್ಡ ದೇಶಕ್ಕೆ ಎಲ್ಲರಿಗೂ ಅರ್ಥವಾಗುವ ಒಂದು ಭಾಷೆ ಬೇಡವಾ? ಉತ್ತರದ ಯಾತ್ರೆಗೆ ಹೋದಾಗ ನಾನು ಪಟ್ಟ ಪಾಡು ನನಗೆ ಗೊತ್ತು.

ನಾನು: ಬೇಕಾದವರು ಕಲಿಯಲಿ ದೊಡ್ಡಪ್ಪ, ನಾನೂ ಕಲಿತಿದ್ದೇನೆ. ನನ್ನ ಸಿಟ್ಟು ಬೇರೆ. ಹೋದ ವರ್ಷ ಅಜ್ಜಿ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿದ್ದರಲ್ಲ? ಕೌಂಟರ್‌ನಲ್ಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. ಫಾರಂನಲ್ಲೂ ಕನ್ನಡ ಇರಲಿಲ್ಲ. ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಎಂದು ಅಜ್ಜಿ ಮೂರು ಸಲ ಕೇಳಿದರು. ಅವರು ಜೋರು ದನಿಯಲ್ಲಿ ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು. ಅಜ್ಜಿ ಸುಮ್ನೆ ಎದ್ದು ಬಂದರು. ಅರವತ್ತು ವರ್ಷ ಮೈಸೂರಿನಲ್ಲಿ ಬಾಳಿದವರು, ಮನೆಗೆ ಬಂದು ‘ನನಗೆ ಏನೂ ಗೊತ್ತಾಗಲ್ಲ ಕಣೇ’ ಅಂದರು. ಫ್ರೆಂಚ್‌ನಲ್ಲೇ ನಡೆಯುತ್ತಿದ್ದ ಆ ಹಳೆಯ ಕೋರ್ಟುಗಳ ಕಥೆ ಬರೆಯುವಾಗ ನನಗೆ ನೆನಪಾಗಿದ್ದು ಅಜ್ಜಿಯ ಮುಖ.

ಸಣ್ಣತ್ತೆ: ಅಮ್ಮ ನನಗೆ ಇದನ್ನು ಹೇಳಿಯೇ ಇರಲಿಲ್ಲ.

ದೊಡ್ಡಪ್ಪ: ನನಗೂ ಹೇಳಲಿಲ್ಲ. ಈ ವರ್ಷದ್ದು ಕೊಟ್ಟಾಯಿತಾ?

ಸಣ್ಣತ್ತೆ: ಇಲ್ಲ ಅಣ್ಣ. ತಿಂಗಳ ಕೊನೆಯ ಒಳಗೆ ಕೊಡಬೇಕು.

ದೊಡ್ಡಪ್ಪ: ಸೋಮವಾರ ಹತ್ತು ಗಂಟೆಗೆ ನಾನು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಕನ್ನಡದ ಫಾರಂ ಕೊಡುವವರೆಗೂ ಅಲ್ಲೇ ಕೂರುತ್ತೇನೆ. ಆ ಫಾರ್ವರ್ಡ್ ಅಳಿಸಿದ್ದೇನೆ. ತಮ್ಮಾ, ನೀನೂ ಆಫೀಸ್ ಗುಂಪಿನಿಂದ ತೆಗೆ.